ಕೊಡತಿಯ ವಂಶಾವಳಿ

ಕೊಡತಿ ಮಾಡಬೇಕಾದರೆ ಮೊದಲು ಒಂದು ಕೊಡತಿ ಬೇಕು. ತಾತ ಹೀಗೆಂದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಯೋಚಿಸಿದರೆ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಕೊಡತಿ ಎಂದರೆ ಮರದ ಸುತ್ತಿಗೆ. ಅದರ ತಲೆಗೆ ಕಾವು ಕೂರಿಸಲು ಚೌಕನೆಯ ತೂತು ಕೊರೆಯಬೇಕು, ತೂತು ಕೊರೆಯಲು ಉಳಿ ಬೇಕು, ಉಳಿಯ ಹಿಡಿಯ ಮೇಲೆ ಬಡಿಯಲು ಕೊಡತಿಯೇ ಬೇಕು. ಅಂದರೆ ಬಡಗಿಯೊಬ್ಬನ ಕೈಯಲ್ಲಿರುವ ಕೊಡತಿಯ ಹಿಂದೆ ಅದಕ್ಕಿಂತ ಹಳೆಯದೊಂದು ಕೊಡತಿ ಇರುತ್ತದೆ. ಅದರ ಹಿಂದೆ ಇನ್ನೊಂದು.

ಯಡಿಯೂರು ಕೆರೆಯ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ನಮ್ಮ ತಾತನ ಶೆಡ್ಡಿದೆ. ಈಗ ಅದನ್ನು ನಡೆಸುವವರು ಚಿಕ್ಕಪ್ಪ. ಅಲ್ಲಿ ತಯಾರಾಗುವುದು ಬಹುಪಾಲು ಪ್ಲೈವುಡ್ಡಿನ ವಾರ್ಡ್‌ರೋಬು ಮತ್ತು ಅಡುಗೆಮನೆಯ ಕಪಾಟು. ಎಂಬತ್ತೆರಡು ದಾಟಿದ ತಾತ ಬೆಳಿಗ್ಗೆ ಹತ್ತಕ್ಕೆ ಬಂದು ಬಾಗಿಲ ಪಕ್ಕ ಕೂರುತ್ತಾರೆ. ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ ಹತ್ಯಾರುಗಳನ್ನು ಒರೆಸುತ್ತಿದ್ದಾಗ ಅವರ ಹಳೆಯ ಕೊಡತಿ ಬಿರುಕು ಬಿಟ್ಟಿದ್ದು ಕಂಡಿತು. ಕಾವಿನ ತೂತಿನಿಂದ ಶುರುವಾಗಿ ಬಡಿಯುವ ಮುಖದವರೆಗೆ ಕೂದಲೆಳೆಯಷ್ಟು ಸೀಳು. ಚಿಕ್ಕಪ್ಪ ನೋಡಿ, ಎಸ್.ಪಿ. ರಸ್ತೆಯಲ್ಲಿ ರಬ್ಬರಿನದು ಸಿಗುತ್ತೆ, ತಂದರಾಯಿತು ಎಂದರು. ತಾತ ಏನೂ ಹೇಳಲಿಲ್ಲ. ನಾನು ಮಾಡುತ್ತೇನೆ ಎಂದೆ. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು.

ನಗುವುದಕ್ಕೆ ಕಾರಣವಿತ್ತು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಹತ್ಯಾರಿಗೂ ಸಂಬಂಧ ವರ್ಷಕ್ಕೆ ಒಂದು ದಿನದ್ದು. ಆಯುಧಪೂಜೆಯ ದಿನ ಉಳಿ, ಬಾಚಿ, ಗರಗಸ, ಬೈರಿಗೆಗಳಿಗೆ ಅರಿಶಿನ ಕುಂಕುಮ ಇಡುವುದು ನಮ್ಮ ಕೆಲಸ, ಮರುದಿನ ಅವನ್ನು ಎತ್ತಿಕೊಳ್ಳುವುದು ಗಂಡಸರ ಕೆಲಸ. ನಾನು ಓದಿ ಪಿಎಚ್.ಡಿ.ಗೆ ಸೇರಿದೆ. ವಿಷಯವೂ ಅದೇ: ಹೊಯ್ಸಳರ ಕಾಲದ ಶಾಸನಗಳಲ್ಲಿ ಕುಶಲಕರ್ಮಿಗಳು. ನಾಲ್ಕು ವರ್ಷದಿಂದ ರೂವಾರಿಗಳ, ಓಜರ, ಬಡಗಿಗಳ ಹೆಸರುಗಳನ್ನು ಪಟ್ಟಿ ಮಾಡುತ್ತಿದ್ದೇನೆ. ನನ್ನ ಎರಡನೇ ಅಧ್ಯಾಯವನ್ನು ಓದಿದ ಮಾರ್ಗದರ್ಶಕರು ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: ಇವರ ಹೆಸರು ಗೊತ್ತಾಯಿತು, ಇವರು ಕೈಯಲ್ಲಿ ಏನು ಹಿಡಿದಿದ್ದರು? ಆ ಪ್ರಶ್ನೆಗೆ ಉತ್ತರ ಬರೆಯಲು ನನ್ನ ಹತ್ತಿರ ಒಂದು ಪುಟವೂ ಇರಲಿಲ್ಲ.

*

ಇವತ್ತಿನ ಬೆಂಗಳೂರಿನಲ್ಲಿ ಕೊಡತಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಸರ್ಜಾಪುರ ರಸ್ತೆಯ ಊರು. ಹತ್ಯಾರಿನ ಹೆಸರಾಗಿ ಈ ಪದ ನಗರದ ಬಾಯಿಂದ ಹೆಚ್ಚುಕಡಿಮೆ ಜಾರಿಹೋಗಿದೆ. ಶೆಡ್ಡಿನ ಹುಡುಗರೂ 'ಮ್ಯಾಲೆಟ್' ಎನ್ನುತ್ತಾರೆ. ಆದರೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟೆಲ್ಲರ ನಿಘಂಟಿನಲ್ಲಿ ಕೊಡತಿ ಇದೆ, ಕೊಡಂತಿ ಎಂಬ ಅದರ ಅಣ್ಣನೂ ಇದೆ, ಅರ್ಥ ಮರದ ಸುತ್ತಿಗೆ. ಹಳ್ಳಿಯಲ್ಲಿ ಇದು ಬಡಗಿಯೊಬ್ಬನ ಸ್ವತ್ತೂ ಆಗಿರಲಿಲ್ಲ. ಉತ್ತ ಹೊಲದಲ್ಲಿ ಹೆಂಟೆ ಒಡೆಯಲು ಉದ್ದ ಕಾವಿನ ಕೊಡತಿ, ಗೂಟ ಬಡಿಯಲು ದಪ್ಪ ತಲೆಯದು, ನೆಲ ಗಟ್ಟಿಸಲು ಚಪ್ಪಟೆಯದು.

ಬಡಗಿಗೆ ಕಬ್ಬಿಣದ ಸುತ್ತಿಗೆ ಇರುವಾಗ ಮರದ್ದು ಏಕೆ ಎಂದು ಚಿಕ್ಕಂದಿನಲ್ಲಿ ನನಗೆ ಅನಿಸುತ್ತಿತ್ತು. ಉಳಿಯ ಹಿಡಿ ಮರದ್ದು. ಕಬ್ಬಿಣ ಬಡಿದರೆ ಏಟು ಸಣ್ಣ ಜಾಗಕ್ಕೆ, ಕ್ಷಣಾರ್ಧದಲ್ಲಿ ಬೀಳುತ್ತದೆ. ನಾಲ್ಕು ದಿನದಲ್ಲಿ ಹಿಡಿಯ ತಲೆ ಹೂವಿನಂತೆ ಅರಳಿ ಸೀಳುತ್ತದೆ. ಮರದ ಮುಖ ಅಗಲವಾದದ್ದು, ಏಟು ಬಿದ್ದಾಗ ಸ್ವಲ್ಪ ಒಳಗೆ ಒತ್ತಿಕೊಳ್ಳುತ್ತದೆ. ಹಾಗಾಗಿ ಅದೇ ಬಲ ಕೊಂಚ ನಿಧಾನವಾಗಿ, ನೂಕಿದಂತೆ ಉಳಿಗೆ ದಾಟುತ್ತದೆ. ಉಳಿ ಚಿಮ್ಮುವುದಿಲ್ಲ, ಮಣಿಕಟ್ಟು ಜುಮ್ಮೆನ್ನುವುದಿಲ್ಲ. ಇದಕ್ಕೆ ಬೆಲೆ ತೆರುವುದು ಕೊಡತಿ. ಪ್ರತಿ ಏಟಿಗೂ ಅದರ ಮುಖ ಚೂರು ಚೂರೇ ಸವೆಯುತ್ತದೆ. ಉಳಿಯ ಅಲಗು ಕಮ್ಮಾರನ ಕುಲುಮೆಯಿಂದ ದುಡ್ಡು ಕೊಟ್ಟು ತಂದದ್ದು. ಕೊಡತಿ ಬಡಗಿಯೇ ಬಿಡುವಿದ್ದಾಗ ಮಾಡಿಕೊಂಡದ್ದು. ಎರಡರಲ್ಲಿ ಒಂದು ಹಾಳಾಗಬೇಕಾದರೆ ಯಾವುದು ಎಂಬುದನ್ನು ಈ ಕಸುಬು ಎಂದೋ ತೀರ್ಮಾನಿಸಿದೆ.

*

ಈಗ ಶಾಸನಗಳಿಗೆ ಬರುತ್ತೇನೆ. ಕರ್ನಾಟಕದ ಶಿಲ್ಪಿಗಳು ಅನಾಮಿಕರು ಎಂಬ ಮಾತು ಹೊಯ್ಸಳರ ವಿಷಯದಲ್ಲಿ ಸುಳ್ಳು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಎದುರಾಳಿ ಶಿಲ್ಪಿಗಳನ್ನು ಸೋಲಿಸಿದೆನೆಂದು ಮೀಸೆ ತಿರುವುವ ಬಿರುದುಗಳೂ ಇವೆ. 13ನೇ ಶತಮಾನದಲ್ಲಿ ಮಲ್ಲಿತಮ್ಮ ಎಂಬ ರೂವಾರಿ ಸೋಮನಾಥಪುರದಲ್ಲಿ ಮತ್ತೆ ಮತ್ತೆ ಸಹಿ ಹಾಕಿದ್ದಾನೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಅವನೂ ಬೈಚೋಜನೂ ಒಟ್ಟಿಗೆ ಕೆಲಸ ಮಾಡಿದ್ದಾರೆ. ನುಗ್ಗೇಹಳ್ಳಿ ನನ್ನ ತಾತನ ಊರಿಗೆ ನಡೆದುಹೋಗುವಷ್ಟು ಹತ್ತಿರ. ಚಿಕ್ಕವರಿದ್ದಾಗ ಆ ಗುಡಿಯ ಜಗತಿಯ ಮೇಲೆ ಗೋಲಿ ಆಡಿದವರು ಅವರು. ಮಲ್ಲಿತಮ್ಮನ ಹೆಸರನ್ನು ಮೊದಲು ಕೇಳಿದ್ದು ನನ್ನ ಬಾಯಿಂದ.

ಹೀಗೆ ಹೆಸರುಗಳಿವೆ. ಹೆಸರಿನ ಕೊನೆಗೆ ಬರುವ 'ಓಜ' ಗುರು ಎಂಬರ್ಥದ ಉಪಾಧ್ಯಾಯ ಪದದಿಂದ ಬಂದದ್ದು, ಹಾಗೆಯೇ ಬಡಗಿ ಎಂಬುದನ್ನು ವಿದ್ವಾಂಸರು ಸಂಸ್ಕೃತದ ವರ್ಧಕಿಗೆ ಜೋಡಿಸುತ್ತಾರೆ. ತಂದೆಯ ಹೆಸರು, ಊರಿನ ಹೆಸರು, ಬಿರುದು ಎಲ್ಲ ಸಿಗುತ್ತದೆ. ಹತ್ಯಾರಿನ ಸುದ್ದಿಯಿಲ್ಲ. ಬಳಪದ ಕಲ್ಲು ಮೆದು, ಅದರಲ್ಲಿ ಮರಗೆಲಸದ ನಯವನ್ನೇ ತರಬಹುದು. ಹೊಯ್ಸಳ ಶಿಲ್ಪದಲ್ಲಿ ದಂತ ಮತ್ತು ಗಂಧದ ಮರದ ಕೆತ್ತನೆಯ ಗುಣ ಕಾಣುತ್ತದೆ ಎಂದು ಕಲಾ ಇತಿಹಾಸಕಾರರು ಹೇಳುತ್ತಲೇ ಬಂದಿದ್ದಾರೆ. ಅಂಥ ಕೆಲಸಕ್ಕೆ ಎಷ್ಟು ಬಗೆಯ ಉಳಿ ಬೇಕು, ಅವುಗಳ ಮೇಲೆ ಎಷ್ಟು ಹಗುರವಾಗಿ ಬಡಿಯಬೇಕು ಎಂಬುದು ಕೈಗೆ ಗೊತ್ತಿತ್ತು, ಬರೆಯಬೇಕೆಂದು ಯಾರಿಗೂ ಅನಿಸಲಿಲ್ಲ.

ನಮ್ಮ ದಕ್ಷಿಣ ಬೆಂಗಳೂರಿನಲ್ಲೇ ಇದಕ್ಕೊಂದು ಹಳೆಯ ಸಾಕ್ಷಿಯಿದೆ. ಬಿ.ಟಿ.ಎಂ. ಬಡಾವಣೆಯಿಂದ ಹೊಸೂರು ರಸ್ತೆ ಹಿಡಿದು ಬಲಕ್ಕೆ ತಿರುಗಿದರೆ ಬೇಗೂರು. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು 890ರದೆಂದು ಹೇಳುವ ಶಾಸನದಲ್ಲಿ 'ಬೆಂಗಳೂರು' ಕಾಳಗದ ಉಲ್ಲೇಖ ಬರುತ್ತದೆ. ನಮ್ಮ ನಗರದ ಹೆಸರು ವೀರಬಲ್ಲಾಳನ ಬೆಂದಕಾಳಿಗಿಂತ ಹಳೆಯದು ಎಂದು ವಾದಿಸುವವರೆಲ್ಲ ಈ ಕಲ್ಲನ್ನೇ ತೋರಿಸುತ್ತಾರೆ. ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಕಡೆಯಿಂದ ವೀರಮಹೇಂದ್ರನ ಮೇಲೆ ಹೋರಾಡಿ ಸತ್ತ ನಾಗತ್ತರನ ಕಲ್ಲು ಅದು. ಆನೆ, ಕುದುರೆ, ಕತ್ತಿ, ಗುರಾಣಿ, ಬಿದ್ದ ದೇಹಗಳು ಎಲ್ಲವನ್ನೂ ಬಿಡದೆ ಕೆತ್ತಿದ್ದಾರೆ. ಕೊಲ್ಲುವ ಆಯುಧಗಳು ಒಂದೊಂದಾಗಿ ಕಾಣುತ್ತವೆ. ಅವನ್ನು ಕೆತ್ತಿದ ಹತ್ಯಾರು ಮಾತ್ರ ಗೀರುಗಳಾಗಿ ಉಳಿದಿದೆ. ಮೊದಲ ಸಲ ಹೋದಾಗ ನಾನು ಅಕ್ಷರಗಳನ್ನಷ್ಟೇ ಓದಿದ್ದೆ. ಕೊಡತಿ ಮಾಡುವುದಕ್ಕೆ ಕೈ ಹಾಕಿದ ಮೇಲೆ ಇನ್ನೊಮ್ಮೆ ಹೋಗಿ ಅಕ್ಷರಗಳ ನಡುವಿನ ಗೀರುಗಳನ್ನು ನೋಡಿದೆ.

ಬಡಗಿ ದಾಖಲೆಗೆ ಬರುವುದು ಬಹುತೇಕ ಪಾಲಿನ ಲೆಕ್ಕದಲ್ಲಿ. ಹಳ್ಳಿಯ ಆಯಗಾರರ ಪಟ್ಟಿಯಲ್ಲಿ ಗೌಡ, ಶಾನುಭೋಗ, ತಳವಾರ, ನೀರುಗಂಟಿ, ಕಮ್ಮಾರ, ಕುಂಬಾರ, ಅಗಸರ ಜೊತೆ ಅವನಿಗೂ ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯ. ಅದಕ್ಕೆ ಪ್ರತಿಯಾಗಿ ಅವನು ನೇಗಿಲು, ಕುಂಟೆ, ಗಾಡಿ ನೋಡಿಕೊಳ್ಳಬೇಕು. 1800ರಲ್ಲಿ ಟಿಪ್ಪುವಿನ ಪತನದ ಮರುವರ್ಷ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಪಾಂಚಾಲರ ಬಗ್ಗೆ ಬರೆದಿದ್ದಾನೆ: ಅಕ್ಕಸಾಲಿ, ಬಡಗಿ, ಕಮ್ಮಾರ, ಕಲ್ಲುಕುಟಿಗ, ಕಂಚುಗಾರ ಐವರೂ ಒಂದೇ ಗುಂಪು, ಎಡಗೈ ಪಣದ ಮುಂದಾಳುಗಳು. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಕೂರಿಗೆ, ನೇಗಿಲುಗಳ ಚಿತ್ರಗಳಿವೆ. ಕಂಪನಿಗೆ ಬೇಕಾಗಿದ್ದು ಬೆಳೆಯ ಲೆಕ್ಕ, ಆದ್ದರಿಂದ ಬೆಳೆಯ ಉಪಕರಣಗಳ ಚಿತ್ರ. ಆ ಉಪಕರಣ ಮಾಡುವವನ ಹತ್ಯಾರು ಒಂದು ಹೆಜ್ಜೆ ಹಿಂದೆಯೇ ಉಳಿಯಿತು.

*

ವಸ್ತುವಾದರೂ ಉಳಿಯಬಹುದಿತ್ತಲ್ಲ? ಬೇರೆ ಕಡೆ ಉಳಿದಿವೆ. ಈಜಿಪ್ಟಿನ ಒಣ ಮರಳಿನಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಮರದ ಕೊಡತಿಗಳು ಸಿಕ್ಕಿವೆ. ಒನಕೆಯ ತುಂಡಿನಂಥವು, ಬಡಿದು ಬಡಿದು ನಡು ಸುತ್ತ ಸವೆದವು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಬಡಗಿಗಳ ಕೋಣೆಯೇ ಸಿಕ್ಕಿತು, ಕೆಸರು ಅವರ ಮರದ ಹತ್ಯಾರುಗಳನ್ನು ಕಾಪಾಡಿತ್ತು. ನಮ್ಮಲ್ಲಿ ಅಂಥ ಮರಳೂ ಇಲ್ಲ, ಗಾಳಿಯಾಡದ ಅಂಥ ಕೆಸರೂ ಅಪರೂಪ. ಒಂದು ಮಳೆಗಾಲ ನೆನೆದು, ಒಂದು ಬೇಸಿಗೆ ಬಿರಿದು, ಗೆದ್ದಲು ಹತ್ತಿದರೆ ಮರದ ಕತೆ ಮುಗಿಯಿತು.

ಇಷ್ಟೇ ಕಾರಣ ಎಂದು ನಾನು ಪ್ರಬಂಧದಲ್ಲಿ ಬರೆದಿಟ್ಟಿದ್ದೆ. ಇನ್ನೊಂದು ಕಾರಣವಿದೆ ಎಂದು ಗೊತ್ತಾಗಿದ್ದು ಆಮೇಲೆ. ಅದನ್ನು ಕೊನೆಗೆ ಹೇಳುತ್ತೇನೆ.

*

ತಾತ ಬೆಂಗಳೂರಿಗೆ ಬಂದದ್ದು 1961ರಲ್ಲಿ, ಹದಿನೆಂಟರ ಪ್ರಾಯದಲ್ಲಿ. ಆಗ ದಕ್ಷಿಣ ಬೆಂಗಳೂರು ಕಟ್ಟಿಕೊಳ್ಳುತ್ತಿತ್ತು. 1898ರ ಪ್ಲೇಗಿನ ನಂತರ ವೇಗವಾಗಿ ಬೆಳೆದ ಬಸವನಗುಡಿ ಅಷ್ಟರಲ್ಲಿ ಹಳೆಯ ಬಡಾವಣೆ. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ 1948ರಲ್ಲಿ ಆರಂಭಿಸಿದ ಜಯನಗರದಲ್ಲಿ ಬ್ಲಾಕಿನ ನಂತರ ಬ್ಲಾಕು ಮನೆಗಳು ಏಳುತ್ತಿದ್ದವು. ಯಡಿಯೂರು, ಬೈರಸಂದ್ರ, ಸಾರಕ್ಕಿಗಳು ಹಳ್ಳಿಯಾಗಿಯೇ ಇದ್ದು ನಿಧಾನವಾಗಿ ನಗರದೊಳಗೆ ಸೇರುತ್ತಿದ್ದವು. ಮನೆ ಎಂದರೆ ಬಾಗಿಲು, ಕಿಟಕಿ. ಬಾಗಿಲು ಎಂದರೆ ಚೌಕಟ್ಟಿನ ಮೂಲೆಮೂಲೆಗೂ ತೂತು ಮತ್ತು ನಾಲಿಗೆಯ ಕೀಲು: ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ಚೌಕ ತೂತಿಗೆ ಕೂರಿಸಿ, ಮೇಲೆ ಬಿದಿರಿನ ಮೊಳೆ ಹೊಡೆಯುವುದು. ಒಂದು ಮನೆಗೆ ಇಂಥ ಕೀಲು ನೂರಕ್ಕೂ ಮೀರಿ. ಬೆಳಗಿನಿಂದ ಸಂಜೆವರೆಗೆ ಜಯನಗರದಲ್ಲಿ ಕೇಳುತ್ತಿದ್ದ ಸದ್ದು ಕೊಡತಿಯದು ಎನ್ನುತ್ತಾರೆ ತಾತ.

ಬಸವನಗುಡಿಯ ಹಳೆಯ ಮನೆಗಳ ಚಾವಣಿಯಲ್ಲಿ ಬೇರೆ ಕೊಡತಿಯ ಸದ್ದಿತ್ತು. ಮದ್ರಾಸ್ ತಾರಸಿ ಎಂದು ಕರೆಯುವ ಆ ಚಾವಣಿಗೆ ಮರದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆ ಹರಡುತ್ತಿದ್ದರು. ಗಾರೆ ಗಟ್ಟಿಯಾಗುವುದು ಬಡಿತದಿಂದ. ಸಾಲಾಗಿ ಕುಕ್ಕುರುಗಾಲಲ್ಲಿ ಕೂತು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತ, ಹಾಡಿನ ಲಯಕ್ಕೆ ದಿನಗಟ್ಟಲೆ ಮರದ ಕೊಡತಿಯಿಂದ ಬಡಿಯಬೇಕು. ಹಾಗೆ ಬಡಿಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಇದನ್ನು ಓದಿದ ದಿನ ನನಗೆ ಶೆಡ್ಡಿನ ನಗು ನೆನಪಾಯಿತು. ಹೆಣ್ಣು ಕೊಡತಿ ಹಿಡಿಯಬಾರದೆಂಬ ನಿಯಮ ಎಲ್ಲೂ ಇರಲಿಲ್ಲ. ಕೂಲಿಯ ಕೊಡತಿ ಹಿಡಿಯಬಹುದಿತ್ತು, ಕಸುಬಿನ ಕೊಡತಿ ಹಿಡಿಯುವಂತಿರಲಿಲ್ಲ. ಒಂದು ತಂದೆಯಿಂದ ಮಗನಿಗೆ ಬರುವ ವಿದ್ಯೆ, ಇನ್ನೊಂದು ಸಂಜೆಗೆ ಸಿಗುವ ಬಟವಾಡೆ. ನಾನು ಪಟ್ಟಿ ಮಾಡಿರುವ ರೂವಾರಿಗಳ ಹೆಸರುಗಳೆಲ್ಲ ಗಂಡಸರವು. ಸಹಿ ಎಲ್ಲಿರುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧವಿದೆ.

ಎರಡು ವರ್ಷದ ಹಿಂದೆ ಜಯನಗರದಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದರು. ಅದರ ಬಾಗಿಲು ಕಿಟಕಿಗಳನ್ನು ಮಾಡಿದವರು ತಾತನೇ. ಹಳೆಯ ತೇಗವನ್ನು ಕೊಳ್ಳಲು ಹೋದ ಚಿಕ್ಕಪ್ಪನ ಜೊತೆ ನಾನೂ ಹೋದೆ. ಮನಸ್ಸಿನಲ್ಲಿ ಮಲ್ಲಿತಮ್ಮನ ಸಹಿ ಇತ್ತು. ಎಲ್ಲಾದರೂ ತಾತನ ಹೆಸರೋ ಇಸವಿಯೋ ಇರಬಹುದು ಎಂದು ಚೌಕಟ್ಟುಗಳನ್ನು ಹುಡುಕಿದೆ. ಇರಲಿಲ್ಲ. ಕೂಲಿಯವರು ಒಂದು ಕೀಲನ್ನು ಬಿಡಿಸಿದಾಗ ನಾಲಿಗೆಯ ಮೇಲೆ ಉಳಿಯ ಮೂರು ಗೀರು ಕಂಡವು. ಅದು ಕೂರುತ್ತಿದ್ದ ತೂತಿನ ಪಕ್ಕದಲ್ಲೂ ಅಂಥದೇ ಮೂರು. ಇನ್ನೊಂದರಲ್ಲಿ ನಾಲ್ಕು, ಮತ್ತೊಂದರಲ್ಲಿ ಕತ್ತರಿ ಗುರುತು. ಯಾವ ನಾಲಿಗೆ ಯಾವ ತೂತಿಗೆ ಎಂದು ಜೋಡಿಸುವಾಗ ಗೊಂದಲವಾಗದಿರಲಿ ಎಂದು ಹಾಕಿದ ಲೆಕ್ಕ. ಜೋಡಿಸಿದ ಕ್ಷಣ ಒಳಗೆ ಹೋಗಿ, ಮನೆ ಬಿದ್ದ ದಿನ ಹೊರಗೆ ಬಂದ ಬರಹ. ಫೋಟೋ ತೆಗೆದು ತಾತನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, "ಮೂರನೇದು ಅಡುಗೆಮನೆ ಕಿಟಕಿ" ಎಂದರು. ಹೆಸರು ಯಾಕೆ ಬರೆಯಲಿಲ್ಲ ಎಂದು ಕೇಳಿದೆ. "ಯಾರ ಮನೆ ಅದು?" ಎಂದು ನನ್ನನ್ನೇ ಕೇಳಿದರು.

*

ಕೊಡತಿಗೆ ಮೊದಲು ಮರ. ತಾತನ ಪ್ರಕಾರ ಹುಣಸೆ ಬಿಟ್ಟು ಬೇರೆ ಮಾತಿಲ್ಲ. ತೇಗ ಬಾಗಿಲಿಗೆ ಚೆನ್ನ, ಆದರೆ ಬಡಿತಕ್ಕೆ ಹಗುರ. ಒಂದು ಘನ ಮೀಟರಿಗೆ ಸುಮಾರು 650 ಕಿಲೋ. ಚೆನ್ನಾಗಿ ಒಣಗಿದ ಹುಣಸೆ 900ರ ಆಸುಪಾಸು, ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಅದಕ್ಕಿಂತ ಮುಖ್ಯವಾದದ್ದು ಅದರ ಎಳೆ. ನೇರ ಓಡದೆ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ, ಹಾಗಾಗಿ ಸುಲಭಕ್ಕೆ ಸೀಳುವುದಿಲ್ಲ. ಗಾಣಕ್ಕೂ ಒನಕೆಗೂ ಗಾಡಿಯ ಚಕ್ರಕ್ಕೂ ಹುಣಸೆ ಹುಡುಕುತ್ತಿದ್ದದ್ದು ಇದಕ್ಕೇ. ಹಳೆಯ ಮರದ ಒಳಗಿನ ಕಪ್ಪು ಚೇಗು ಬೇಕು, ಹೊರಗಿನ ಹಳದಿ ಭಾಗವನ್ನು ಹುಳು ಬಿಡುವುದಿಲ್ಲ. ಹಳೆಯ ಹುಣಸೆ ನೋಡಬೇಕಾದರೆ ದೇವನಹಳ್ಳಿಯ ಬಳಿಯ ನಲ್ಲೂರಿಗೆ ಹೋಗಬೇಕು. 54 ಎಕರೆಯ ಆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿ ನೋಡಬಹುದು, ಮುಟ್ಟುವಂತಿಲ್ಲ.

ನನ್ನ ಮೊದಲ ತುಂಡು ಸಿದ್ದಯ್ಯ ರಸ್ತೆಯ ಮರದ ಡಿಪೋ ಒಂದರಿಂದ ಬಂತು. ಮೇ ತಿಂಗಳ ಗಾಳಿಮಳೆಗೆ ಬಿದ್ದ ಮರದ್ದಂತೆ. ಒಣಗಬೇಕು, ಅಂಗುಲ ದಪ್ಪಕ್ಕೆ ಒಂದು ವರ್ಷ ಲೆಕ್ಕ ಎಂದು ತಾತ ಹೇಳಿದರು. ನನಗೆ ಅಧ್ಯಾಯ ಒಪ್ಪಿಸುವ ಗಡುವಿತ್ತು. ತೂತಿನ ಗುರುತು ಹಾಕಿ ಬೈರಿಗೆ ತಿರುಗಿಸಿಯೇಬಿಟ್ಟೆ. ಹತ್ತು ದಿನಕ್ಕೆ ಎರಡೂ ತುದಿಗಳಲ್ಲಿ ನಕ್ಷತ್ರದಂತೆ ಬಿರುಕು. ಹಸಿ ಮರದ ತುದಿಗಳಿಂದ ನೀರು ಬೇಗ ಆರುತ್ತದೆ, ಒಳಗೆ ನಿಧಾನ, ಎರಡರ ಜಗಳಕ್ಕೆ ಮರ ಬಿರಿಯುತ್ತದೆ ಎಂಬುದನ್ನು ಆಮೇಲೆ ಓದಿಕೊಂಡೆ. ತುದಿಗೆ ಮೇಣ ಸವರಬೇಕಿತ್ತು. ತಾತ ಬೈಯಲಿಲ್ಲ. ಮರುದಿನ ತಾವು ಕೂರುತ್ತಿದ್ದ ಕೊರಡನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ನಲವತ್ತು ವರ್ಷದಿಂದ ಅದರ ಮೇಲೆ ಕೂತು ಊಟ ಮಾಡಿದ್ದಾರೆ. ಹುಣಸೆ, ಒಳಗಿನವರೆಗೂ ಒಣಗಿದ್ದು.

ಅದರಿಂದ ಆರು ಅಂಗುಲ ಉದ್ದ, ನಾಲ್ಕು ಅಂಗುಲ ಎತ್ತರ, ಮೂರು ಅಂಗುಲ ದಪ್ಪದ ತುಂಡು ಕೊಯ್ಯಲು ನನಗೆ ಎರಡು ದಿನ ಹಿಡಿಯಿತು. ಎಳೆ ಉದ್ದಕ್ಕೆ ಓಡಬೇಕು, ಆಗ ಏಟು ಬೀಳುವುದು ಎಳೆಗಳ ತುದಿಯ ಮೇಲೆ. ನಂತರ ತೂತು. ಇದರಲ್ಲೊಂದು ಉಪಾಯವಿದೆ. ತೂತು ಮೇಲೆ ಒಂದೂವರೆ ಅಂಗುಲ, ಕೆಳಗೆ ಒಂದೂಕಾಲು. ಕಾವಿನ ತಲೆಯೂ ಅದೇ ಲೆಕ್ಕದಲ್ಲಿ ಮೇಲೆ ದಪ್ಪ. ಕಾವನ್ನು ಮೇಲಿನಿಂದ ಇಳಿಬಿಡುತ್ತಾರೆ, ಗುದ್ದಲಿಗೆ ಹಾಕಿದ ಹಾಗೆ. ಬೀಸಿದಾಗಲೆಲ್ಲ ತಲೆ ಹೊರಕ್ಕೆ ಓಡಲು ನೋಡುತ್ತದೆ, ಓಡಿದಷ್ಟೂ ದಪ್ಪ ತುದಿಗೆ ಬಿಗಿಯಾಗುತ್ತದೆ. ಬೆಣೆ ಬೇಡ, ಅಂಟು ಬೇಡ.

ಬೈರಿಗೆಯಿಂದ ನಾಲ್ಕು ತೂತು ಹಾಕಿ ಉಳಿ ಹಿಡಿದಾಗ ಮೊದಲ ಸಾಲಿನ ಮಾತು ಎದುರಿಗೆ ಬಂತು. ಬಡಿಯುವುದಕ್ಕೆ ಏನು? ತಾತ ಒಡೆದ ಕೊಡತಿಗೆ ಸೈಕಲ್ ಟ್ಯೂಬಿನ ರಬ್ಬರು ಬಿಗಿದು ಕೈಗೆ ಕೊಟ್ಟರು. "ಇದು ನಮ್ಮಪ್ಪಂದು" ಎಂದರು. ಒಂದು ನಿಮಿಷ ಬಿಟ್ಟು, ತಲೆ ಎರಡು ಸಲ ಬದಲಾಗಿದೆ, ಕಾವಿನ ಲೆಕ್ಕ ಇಟ್ಟಿಲ್ಲ ಎಂದರು. ಹಾಗಾದರೆ ಅಪ್ಪನದ್ದು ಏನು ಉಳಿಯಿತು ಎಂದು ಕೇಳುವುದು ಇತಿಹಾಸ ಓದಿದವರ ಚಟ. ಆದರೆ ಆ ಎರಡು ತಲೆಗಳ ತೂತನ್ನೂ ಕೊರೆದದ್ದು ಅದಕ್ಕಿಂತ ಹಿಂದಿನ ತಲೆಯೇ. ಶಾಸನಗಳಲ್ಲಿ ರಾಜರ ವಂಶಾವಳಿಯನ್ನು ಇಂತಿಂಥವನ ಮಗ ಇಂತಿಂಥವನು ಎಂದು ಎಷ್ಟು ಸಲ ನಕಲು ಮಾಡಿದ್ದೇನೋ. ಇಲ್ಲಿ ಅಂಥದೊಂದು ಸಾಲು ರಬ್ಬರು ಸುತ್ತಿಕೊಂಡು ನನ್ನ ಕೈಯಲ್ಲಿತ್ತು.

ಮೊದಲ ಏಟು ಹೆಬ್ಬೆರಳಿಗೆ ಬಿತ್ತು. ಮೂರನೇ ದಿನ ಏಟಿನ ಸದ್ದು ಬದಲಾಯಿತು. ಉಳಿ ಸರಿಯಾಗಿ ಕಚ್ಚಿದಾಗ ಸದ್ದು ದಪ್ಪ, ತಪ್ಪಿದಾಗ ತೆಳು. ತಾತ ನನ್ನ ಕಡೆ ನೋಡದೆ ಸದ್ದಿನಿಂದಲೇ "ಓರೆ ಆಯ್ತು" ಎನ್ನುತ್ತಿದ್ದರು. ಮಾರ್ಗದರ್ಶಕರ ಪ್ರಶ್ನೆಯ ಒಂದು ತುಣುಕು ಉತ್ತರ ಅಲ್ಲಿತ್ತು. ಒಂದು ಗುಡಿಯ ಸುತ್ತ ಹತ್ತಾರು ಉಳಿಗಳು ಆಡುವಾಗ ಯಾರ ಕೆಲಸ ಹೇಗೆ ಸಾಗಿದೆ ಎಂಬುದು ಓಜನಿಗೆ ಕಿವಿಯಿಂದಲೂ ತಿಳಿಯುತ್ತಿದ್ದಿರಬೇಕು. ಇದನ್ನು ಪ್ರಬಂಧದಲ್ಲಿ ಸಾಕ್ಷಿ ಎಂದು ಬರೆಯಲಾರೆ. ಆದರೆ ಸಹಿಯೆಂದರೆ ಅಕ್ಷರವೊಂದೇ ಎಂದು ಇನ್ನು ಮುಂದೆ ನಾನು ಬರೆಯುವುದಿಲ್ಲ.

ಕೊನೆಯ ಕೆಲಸ ಮುಖದ ಓರೆ. ಕೈ ಬೀಸುವುದು ಕಮಾನಿನಂತೆ, ಆದ್ದರಿಂದ ಮುಖ ನೆಟ್ಟಗಿದ್ದರೆ ಅಂಚು ಮೊದಲು ತಾಗುತ್ತದೆ. ಎರಡೂ ಮುಖಗಳನ್ನು ಕಾವಿನ ಕಡೆಗೆ ತುಸು ಒಳಗೆ ಬಾಗಿಸಬೇಕು, ಎಷ್ಟೆಂದರೆ ಆ ಗೆರೆಗಳನ್ನು ಮುಂದುವರಿಸಿದರೆ ಬಡಿಯುವವರ ಮೊಣಕೈ ಹತ್ತಿರ ಸೇರುವಷ್ಟು. ನಾನು ಹಳೆಯ ಕೊಡತಿಯ ಓರೆಯನ್ನೇ ಅಳೆದು ಗೆರೆ ಹಾಕಲು ಹೊರಟೆ. ತಾತ ತಡೆದರು. ದಾರವೊಂದನ್ನು ತಗೊಂಡು ನನ್ನ ಮೊಣಕೈಯಿಂದ ಮುಷ್ಟಿಯವರೆಗೆ ಅಳೆದರು. ಹಲಗೆಯ ಮೇಲೆ ಗುರುತು ಹಾಕಿ ಅಲ್ಲಿಂದ ಗೆರೆ ಎಳೆಸಿದರು. ಜಾಲಿ ಮರದ ಕಾವನ್ನೂ ಅವರದ್ದಕ್ಕಿಂತ ಒಂದು ಅಂಗುಲ ಗಿಡ್ಡ ಮಾಡಿಸಿದರು. ನಾನು ಅವರ ಶೆಡ್ಡಿಗೆ ಕೊಡತಿ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅದು ನನ್ನ ಕೈಯ ಅಳತೆಯದಾಯಿತು. ಉಳಿ ಹಿಡಿದರೆ ಪುಸ್ತಕ ಬಿಟ್ಟೀಯ ಎಂದು ಚಿಕ್ಕವಳಿದ್ದಾಗ ನನ್ನನ್ನು ಶೆಡ್ಡಿನಿಂದ ಓಡಿಸುತ್ತಿದ್ದವರೂ ಅವರೇ. ಆ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ.

*

ಹೊಸ ಕೊಡತಿಗೆ ಎಣ್ಣೆ ಹಚ್ಚಿ ಒಂದು ವಾರ ಇಟ್ಟೆವು. ತೂಕ ಒಂದು ಕಿಲೋಗೆ ಸ್ವಲ್ಪ ಮೇಲೆ. ಚಿಕ್ಕಪ್ಪ ಎತ್ತಿ ಎರಡು ಏಟು ಹಾಕಿ, ಚೆನ್ನಾಗಿದೆ, ಆದರೆ ಕೈಗೆ ಕೂರುತ್ತಿಲ್ಲ ಎಂದು ಇಟ್ಟರು. ಅವರಿಗೆ ಅದರ ಅಗತ್ಯವೂ ಇಲ್ಲ. ಪ್ಲೈವುಡ್ಡಿಗೆ ಎಳೆಯ ದಿಕ್ಕಿಲ್ಲ, ತೂತು ನಾಲಿಗೆಯ ಕೀಲು ಬೇಡ. ಸ್ಕ್ರೂ, ಅಂಟು, ಗಾಳಿಯ ಒತ್ತಡದಲ್ಲಿ ಮೊಳೆ ಹೊಡೆಯುವ ಗನ್ನು ಸಾಕು. ಒಂದು ಹತ್ಯಾರು ಕಳೆದುಹೋಗುವುದು ಅದಕ್ಕಿಂತ ಒಳ್ಳೆಯದು ಬಂದಾಗ ಎಂದುಕೊಳ್ಳುತ್ತೇವೆ. ಕೊಡತಿಯ ವಿಷಯದಲ್ಲಿ ಹಾಗಾಗಲಿಲ್ಲ. ಅದು ಮಾಡುತ್ತಿದ್ದ ಕೀಲೇ ಮನೆಗಳಿಂದ ಹೊರಟುಹೋಯಿತು, ಅದರ ಹಿಂದೆ ಕೊಡತಿಯೂ.

ಹಳೆಯದನ್ನು ನಾನು ಕೇಳಬೇಕೆಂದಿದ್ದೆ. ವಿಭಾಗದ ಕೋಣೆಯ ಗಾಜಿನ ಕಪಾಟಿನಲ್ಲಿ ಇಡಬಹುದು, ಕೆಳಗೆ ಚೀಟಿ ಬರೆಯಬಹುದು, ಕಾಲ ಮತ್ತು ಸ್ಥಳ ಹಾಕಬಹುದು. ಭಾನುವಾರ ಹೋಗಿ ಕೇಳಿದಾಗ ತಾತ ಕಿಟಕಿಯ ಮೇಲಿದ್ದ ಡಬ್ಬಿ ತೋರಿಸಿದರು. ಅದರಲ್ಲಿ ಬೆಣೆಗಳಿದ್ದವು, ಹನ್ನೊಂದು. ಒಡೆದ ತಲೆಯ ಗಟ್ಟಿ ಭಾಗವನ್ನು ಅವರೇ ನಡುಗುವ ಕೈಯಲ್ಲಿ ಸೀಳಿ, ಕೆತ್ತಿ, ನಯ ಮಾಡಿಟ್ಟಿದ್ದರು. ಇಂಥ ಒಣಗಿದ ಹುಣಸೆ ಬೆಣೆಗೆ ಎಲ್ಲಿ ಸಿಗುತ್ತೆ ಎಂದರು. ಮರಳು ಮತ್ತು ಮಳೆಯ ಜೊತೆಗೆ ನಾನು ಬರೆಯದೆ ಬಿಟ್ಟಿದ್ದ ಕಾರಣ ಡಬ್ಬಿಯಲ್ಲಿತ್ತು. ಗೆದ್ದಲು ತಲುಪುವ ಮೊದಲೇ ಬಡಗಿ ಅದನ್ನು ಬಳಸಿ ಮುಗಿಸಿರುತ್ತಾನೆ.

ಆ ಹನ್ನೊಂದರಲ್ಲಿ ಒಂದನ್ನು ನಮ್ಮ ಮನೆಯ ಸಡಿಲವಾಗಿದ್ದ ಬಾಗಿಲ ಚೌಕಟ್ಟಿಗೆ ಹೊಡೆದೆವು. ಹೊಡೆದದ್ದು ನಾನು, ಹೊಸ ಕೊಡತಿಯಿಂದ. ಬೆಣೆ ಪೂರ್ತಿ ಒಳಗೆ ಹೋಯಿತು. ಹೊರಗೆ ಉಳಿದ ತುದಿಯನ್ನು ಉಳಿಯಿಂದ ಸವರಿ ಸಮ ಮಾಡಿದ ಮೇಲೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.